ತಾಲೀಮಿನ ಅಂಗಳ: ರವೀಂದ್ರನಾಥ ಠಾಕೂರರ ಬದುಕಿನಲ್ಲಿ ಶಾಲಾ ಗೀತನಾಟಕ

ರವೀಂದ್ರನಾಥ ಠಾಕೂರರ (೧೮೬೧–೧೯೪೧) ಜೀವನವನ್ನು ಕುರಿತ ಬರಹಗಳಲ್ಲಿ ಕವಿ, ಕಾದಂಬರಿಕಾರ, ಚಿಂತಕ, ಶಿಕ್ಷಣತಜ್ಞ ಎಂಬ ವಿಂಗಡಣೆ ಬಹುಕಾಲದಿಂದ ರೂಢಿಯಲ್ಲಿದೆ. ಈ ವಿಂಗಡಣೆಯಲ್ಲಿ ಅವರ ಗೀತನಾಟಕಗಳು ಸಾಹಿತ್ಯದ ಪಾಲಿಗೆ ಹೋಗುತ್ತವೆ. ಶಾಂತಿನಿಕೇತನದ ಶಾಲೆ ಶಿಕ್ಷಣದ ಪಾಲಿಗೆ ಬರುತ್ತದೆ. ಆ ನಾಟಕಗಳಲ್ಲಿ ಹಲವನ್ನು ಮೊದಲು ಆಡಿದವರು, ಮೊದಲು ಹಾಡಿದವರು, ಕೆಲವು ಬಾರಿ ಅವುಗಳ ಹುಟ್ಟಿಗೇ ಕಾರಣರಾದವರು ಅದೇ ಶಾಲೆಯ ಮಕ್ಕಳು ಎಂಬ ಸಂಗತಿಗೆ ಎರಡೂ ಕಡೆ ತಕ್ಕ ಸ್ಥಾನ ದೊರೆತಿಲ್ಲ. ಶಾಲೆಯ ನಾಟಕವೆಂದರೆ ವಾರ್ಷಿಕೋತ್ಸವದ ಅಲಂಕಾರ ಎಂಬ ಗ್ರಹಿಕೆ ವಿದ್ವಾಂಸರನ್ನೂ ಬಿಟ್ಟಿಲ್ಲವೆಂದು ತೋರುತ್ತದೆ. ರವೀಂದ್ರರ ಬದುಕನ್ನು ಈ ಒಂದು ಎಳೆ ಹಿಡಿದು ಓದಿದರೆ ಬೇರೆಯೇ ಚಿತ್ರವೊಂದು ಮೂಡುತ್ತದೆ. ಕಠಿಣವಾದ ಹಾಡು, ಕಠಿಣವಾದ ಪಾತ್ರ, ಕೆಲವೊಮ್ಮೆ ಕಠಿಣವಾದ ಲೋಕಾಪವಾದ ಇವುಗಳನ್ನು ಮಕ್ಕಳು ಹೊತ್ತು ಬೆಳೆಯಬಲ್ಲರೆಂಬ ನಂಬಿಕೆ ಅವರಲ್ಲಿ ಮೂರು ದಶಕಗಳ ಕಾಲ ಕುಂದಲಿಲ್ಲ. ಆದರೆ ಆ ಭಾರವನ್ನು ಮಕ್ಕಳು ಹೊತ್ತದ್ದು ಯಾರ ಸಲುವಾಗಿ ಎಂಬ ಪ್ರಶ್ನೆಗೆ ೧೯೦೮ರಲ್ಲಿ ದೊರೆಯುವ ಉತ್ತರ ೧೯೩೬ರ ವೇಳೆಗೆ ಹಾಗೆಯೇ ಉಳಿದಿರಲಿಲ್ಲ.

ಕಲ್ಕತ್ತದ ಜೋಡಾಸಾಂಕೊ ಮನೆಯಲ್ಲಿ ೧೮೬೧ರ ಮೇ ೭ರಂದು ದೇವೇಂದ್ರನಾಥ ಠಾಕೂರರ ಹದಿನಾಲ್ಕನೆಯ ಮಗುವಾಗಿ ಹುಟ್ಟಿದ ರವೀಂದ್ರರಿಗೆ ಶಾಲೆ ಒಗ್ಗಲಿಲ್ಲ. ಓರಿಯೆಂಟಲ್ ಸೆಮಿನರಿ, ನಾರ್ಮಲ್ ಸ್ಕೂಲ್, ಬೆಂಗಾಲ್ ಅಕಾಡೆಮಿ, ಸೇಂಟ್ ಝೇವಿಯರ್ಸ್ ಹೀಗೆ ಒಂದಾದ ಮೇಲೊಂದು ಶಾಲೆಗೆ ಹೋಗಿ ಯಾವುದರಲ್ಲೂ ನೆಲೆ ನಿಲ್ಲದೆ ಹೊರಬಂದ ಬಾಲಕನ ಕಥೆ ಪ್ರಸಿದ್ಧವಾಗಿದೆ. ಈ ಚರ್ಚೆಯ ಮಟ್ಟಿಗೆ ಅದರಲ್ಲಿ ಒಂದು ಸಂಗತಿ ಮಾತ್ರ ಮುಖ್ಯ. ನಾರ್ಮಲ್ ಸ್ಕೂಲಿನಲ್ಲಿ ಪಾಠ ಆರಂಭವಾಗುವ ಮುನ್ನ ಹುಡುಗರೆಲ್ಲ ಸಾಲಾಗಿ ಕುಳಿತು ಇಂಗ್ಲಿಷ್ ಹಾಡೊಂದನ್ನು ರಾಗವಾಗಿ ಹೇಳಬೇಕಾಗಿತ್ತು. ದಿನನಿತ್ಯದ ಬೇಸರ ಕಳೆಯಲಿ ಎಂಬುದು ಆಡಳಿತದವರ ಸದುದ್ದೇಶ. ಹುಡುಗರ ಬಾಯಲ್ಲಿ ಆ ಪದಗಳು ಗುರುತು ಸಿಗದಷ್ಟು ಸವೆದು ಅರ್ಥವಿಲ್ಲದ ಮಂತ್ರವಾಗಿದ್ದವು. ಬೆಳೆದ ಮೇಲೆ ಅವುಗಳ ಮೂಲ ರೂಪ ಏನಿದ್ದೀತೆಂದು ಬಿಡಿಸಲು ಹೊರಟು, ಒಂದು ಪದದ ಮುಂದಂತೂ ಸೋತು ನಿಂತದ್ದನ್ನು ರವೀಂದ್ರರು ‘ಜೀವನಸ್ಮೃತಿ’ಯಲ್ಲಿ ವಿನೋದವಾಗಿ ಬರೆದಿದ್ದಾರೆ. ಶಾಲೆಯಲ್ಲಿ ಸಂಗೀತವಿದ್ದರೆ ಸಾಕು, ಮಗು ಅರಳುತ್ತದೆ ಎಂಬ ಸರಳ ನಂಬಿಕೆಗೆ ಅವರ ಅನುಭವದಲ್ಲೇ ಇಂಥ ಪ್ರತಿ ಉದಾಹರಣೆಯೊಂದು ಇತ್ತು. ಅರ್ಥವಾಗದ ಹಾಡನ್ನು ಆಜ್ಞೆಯ ಮೇರೆಗೆ ಹಾಡುವ ಕಷ್ಟವೂ ಕಷ್ಟವೇ. ಅದರಿಂದ ಯಾರೂ ಬೆಳೆಯಲಿಲ್ಲ.

ನಿಜವಾದ ಶಾಲೆ ಮನೆಯಲ್ಲಿತ್ತು. ಅಣ್ಣ ಜ್ಯೋತಿರಿಂದ್ರನಾಥರು ಪಿಯಾನೊದ ಮುಂದೆ ಕುಳಿತು ಹೊಸ ಮಟ್ಟುಗಳನ್ನು ನುಡಿಸುತ್ತಿದ್ದರೆ ಕಿರಿಯರು ಅವುಗಳಿಗೆ ಮಾತು ಕೂಡಿಸುತ್ತಿದ್ದರು. ಅದೇ ಅಣ್ಣನ ಪ್ರಹಸನವೊಂದರಲ್ಲಿ ೧೮೭೭ರಲ್ಲಿ, ಹದಿನಾರರ ಹರೆಯದಲ್ಲಿ, ರವೀಂದ್ರರು ಮೊದಲು ಬಣ್ಣ ಹಚ್ಚಿದರು. ಇಂಗ್ಲೆಂಡಿನಿಂದ ಮರಳಿದ ಮರುವರ್ಷ, ೧೮೮೧ರ ಫೆಬ್ರವರಿಯಲ್ಲಿ, ‘ವಾಲ್ಮೀಕಿ ಪ್ರತಿಭಾ’ ಜೋಡಾಸಾಂಕೊ ಮನೆಯಲ್ಲಿ ಪ್ರದರ್ಶನಗೊಂಡಿತು. ಹಿಂದೂಸ್ತಾನಿ ರಾಗಗಳ ಜೊತೆಗೆ ಐರಿಷ್ ಮಟ್ಟುಗಳನ್ನೂ ಬಳಸಿ ಮಾತನ್ನೆಲ್ಲ ಹಾಡಾಗಿಸಿದ ಈ ಕೃತಿಯಲ್ಲಿ ಅವರೇ ವಾಲ್ಮೀಕಿ. ಅಣ್ಣ ಹೇಮೇಂದ್ರನಾಥರ ಮಗಳು ಪ್ರತಿಭಾ ಸರಸ್ವತಿ. ಕೃತಿಯ ಹೆಸರಿನಲ್ಲಿ ಆ ಹುಡುಗಿಯ ಹೆಸರೂ ಅಡಗಿದೆ. ಬಂಕಿಮಚಂದ್ರರಂಥವರು ಕುಳಿತಿದ್ದ ವಿದ್ವತ್ಸಭೆಯ ಎದುರು ಕುಲೀನ ಮನೆತನದ ಹೆಣ್ಣುಮಗಳೊಬ್ಬಳು ರಂಗದ ಮೇಲೆ ಬಂದು ಹಾಡಿದ್ದು ಆ ಕಾಲದ ಬಂಗಾಳದಲ್ಲಿ ಸಣ್ಣ ಸಂಗತಿಯಲ್ಲ. ಮರುವರ್ಷ ‘ಕಾಲಮೃಗಯಾ’ ಬಂದಿತು. ೧೮೮೮ರಲ್ಲಿ ಅಕ್ಕ ಸ್ವರ್ಣಕುಮಾರಿ ದೇವಿಯವರ ಸಖೀ ಸಮಿತಿಗಾಗಿ ಬರೆದ ‘ಮಾಯಾರ್ ಖೇಲಾ’ವನ್ನು ಬೆಥೂನ್ ಶಾಲೆಯಲ್ಲಿ ಹೆಂಗಸರೇ ಆಡಿದರು. ಮನೆಯ ಅಂಗಳದಲ್ಲಿ ಹುಟ್ಟಿದ ಗೀತನಾಟಕ ಶಾಲೆಯ ಕಟ್ಟಡವನ್ನು ಹೊಕ್ಕದ್ದು ಇಲ್ಲಿಯೇ ಮೊದಲು; ಅದು ಹುಡುಗರ ಶಾಲೆಯಾಗಿರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಈ ಸಂಗೀತದ ಬೇರುಗಳಲ್ಲಿ ಒಂದು ಕನ್ನಡ ನೆಲದಲ್ಲಿಯೂ ಇದೆ. ಸ್ವರ್ಣಕುಮಾರಿಯವರ ಮಗಳು ಸರಳಾದೇವಿ ಮೈಸೂರಿನ ಮಹಾರಾಣಿ ಶಾಲೆಯಲ್ಲಿ ಕೆಲಕಾಲ ಅಧ್ಯಾಪಕಿಯಾಗಿದ್ದರು. ಅಲ್ಲಿಂದ ಅವರು ಕೊಂಡೊಯ್ದ ಹಾಡುಗಳ ಮಟ್ಟುಗಳಿಗೆ ರವೀಂದ್ರರು ಬಂಗಾಳಿಯಲ್ಲಿ ಹೊಸ ಗೀತೆಗಳನ್ನು ರಚಿಸಿದರು. ‘ಆನಂದಲೋಕೆ’ ಎಂದು ಆರಂಭವಾಗುವ ಬ್ರಹ್ಮಸಂಗೀತ ಮೈಸೂರಿನ ಭಜನೆಯೊಂದರ ಮಟ್ಟಿನಲ್ಲಿದೆ. ಕೇಳಿದ್ದನ್ನು ಹಾಗೆಯೇ ಕಾಪಿಡುವ ಬದಲು ತಮ್ಮದಾಗಿಸಿಕೊಂಡು ಹೊಸದಾಗಿ ಕಟ್ಟುವ ಈ ಪದ್ಧತಿ ಮುಂದೆ ಶಾಲೆಯ ರಂಗಕ್ಕೂ ಬಂದಿತು.

ಶಾಂತಿನಿಕೇತನದ ಬ್ರಹ್ಮಚರ್ಯಾಶ್ರಮ ಆರಂಭವಾದದ್ದು ೧೯೦೧ರ ಡಿಸೆಂಬರ್ ೨೨ರಂದು. ಮಗ ರಥೀಂದ್ರನಾಥನೂ ಸೇರಿ ಐವರು ವಿದ್ಯಾರ್ಥಿಗಳು. ಬ್ರಹ್ಮಬಾಂಧವ ಉಪಾಧ್ಯಾಯರ ನೆರವಿನಿಂದ ನಡೆದ ಆ ಮೊದಲ ದಿನಗಳಲ್ಲಿ ತಪೋವನದ ಆದರ್ಶವೇ ಮುಂದಿತ್ತು. ಬರಿಗಾಲು, ಮುಂಜಾನೆಯ ಸ್ನಾನ, ಕಟ್ಟುನಿಟ್ಟಿನ ದಿನಚರಿ. ಈ ಘಟ್ಟದ ಶಾಲೆ ನಂತರದ ಶಾಂತಿನಿಕೇತನಕ್ಕಿಂತ ಬಹಳ ಬಿಗಿಯಾದದ್ದು ಎಂಬುದನ್ನು ಅಭಿಮಾನದ ಬರಹಗಳು ಹೆಚ್ಚಾಗಿ ಮರೆಯುತ್ತವೆ. ಹಣದ ಅಡಚಣೆ ತೀವ್ರವಾಗಿತ್ತು. ಪತ್ನಿ ಮೃಣಾಲಿನಿ ದೇವಿಯವರ ಆಭರಣಗಳು ಮಾರಾಟವಾದವು. ಪುರಿಯಲ್ಲಿದ್ದ ಮನೆಯೂ ಹೋಯಿತು. ಬೇರೆ ಕಡೆ ಸುಧಾರಿಸದ ಹುಡುಗರನ್ನು ತಂದು ಬಿಡುವ ಜಾಗವೆಂದು ಕೆಲವು ಪೋಷಕರು ಇದನ್ನು ಬಗೆದಿದ್ದರು. ೧೯೦೨ರ ನವೆಂಬರಿನಲ್ಲಿ ಮೃಣಾಲಿನಿ ತೀರಿಕೊಂಡರು, ೧೯೦೩ರಲ್ಲಿ ಮಗಳು ರೇಣುಕಾ, ೧೯೦೫ರಲ್ಲಿ ತಂದೆ.

ಕಿರಿಯ ಮಗ ಶಮೀಂದ್ರನಾಥ ಶಾಲೆಯ ಹುಡುಗರಲ್ಲಿ ಒಬ್ಬನಾಗಿದ್ದ. ೧೯೦೭ರ ವಸಂತ ಪಂಚಮಿಯಂದು ಅವನೂ ಅವನ ಗೆಳೆಯರೂ ಋತುಗಳ ವೇಷ ತೊಟ್ಟು ಹಬ್ಬವೊಂದನ್ನು ನಡೆಸಿದರು. ಶಾಂತಿನಿಕೇತನದಲ್ಲಿ ಮುಂದೆ ಬೆಳೆದ ಋತು ಉತ್ಸವಗಳ ಪರಂಪರೆಯ ಮೊದಲಿಗೆ ನಿಲ್ಲುವುದು ಹತ್ತು ಹನ್ನೊಂದು ವರ್ಷದ ಬಾಲಕರ ಈ ಆಟ. ಹಿರಿಯರ ಯಾವ ಯೋಜನೆಯೂ ಅದರ ಹಿಂದಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮುಂಗೇರಿನಲ್ಲಿ ಕಾಲರಾ ತಗುಲಿ ಶಮೀಂದ್ರ ತೀರಿಕೊಂಡ. ತಾಯಿ ತೀರಿಕೊಂಡು ಅಂದಿಗೆ ಸರಿಯಾಗಿ ಐದು ವರ್ಷವಾಗಿತ್ತು.

ಮಗನ ಸಾವಿನ ಮರುವರ್ಷ ರವೀಂದ್ರರು ಬರೆದದ್ದು ‘ಶಾರದೋತ್ಸವ’. ಕ್ಷಿತಿಮೋಹನ ಸೇನರು ೧೯೦೮ರಲ್ಲಿ ಶಾಲೆಗೆ ಬಂದು ಋತು ಉತ್ಸವಗಳಿಗೆ ಒತ್ತಾಸೆಯಾಗಿ ನಿಂತರು. ಪೂಜೆಯ ರಜೆಗೆ ಮುನ್ನ ಹುಡುಗರು ಆಡಲೆಂದು ಈ ನಾಟಕ ಸಿದ್ಧವಾಯಿತು. ಶೋಕದಿಂದ ಹುಟ್ಟಿದ ಕೃತಿಯೆಂದು ಇದನ್ನು ಓದುವುದು ಸುಲಭದ ದಾರಿ. ಕೃತಿಯೊಳಗೆ ಶೋಕದ ಸುಳಿವಿಲ್ಲ. ಬೇತಸಿನಿ ನದಿಯ ದಡದಲ್ಲಿ ರಜೆ ಸಿಕ್ಕ ಹುಡುಗರು ಹಾಡುತ್ತ ಕುಣಿಯುತ್ತಿರುತ್ತಾರೆ. ಅವರ ನಡುವೆ ಉಪನಂದನೆಂಬ ಹುಡುಗ ಒಬ್ಬನೇ ಕುಳಿತು ಹಸ್ತಪ್ರತಿಗಳನ್ನು ನಕಲು ಮಾಡುತ್ತಿದ್ದಾನೆ. ತೀರಿಹೋದ ಅವನ ಗುರು, ವೀಣಾಚಾರ್ಯ ಸುರಸೇನ, ಲಕ್ಷೇಶ್ವರನೆಂಬ ಸಾಹುಕಾರನಿಗೆ ಸಾಲ ಉಳಿಸಿದ್ದಾನೆ. ಅದನ್ನು ತೀರಿಸುವ ಹೊಣೆ ಶಿಷ್ಯನದು. ಸನ್ಯಾಸಿಯ ವೇಷದಲ್ಲಿ ಬಂದ ಚಕ್ರವರ್ತಿ ವಿಜಯಾದಿತ್ಯ ಹುಡುಗನನ್ನು ಕೆಲಸದಿಂದ ಎಬ್ಬಿಸಿ ಆಟಕ್ಕೆ ಕಳುಹಿಸುವುದಿಲ್ಲ. ಪಕ್ಕದಲ್ಲಿ ಕುಳಿತು ತಾನೂ ಬರೆಯತೊಡಗುತ್ತಾನೆ. ಶರತ್ಕಾಲದ ಪ್ರಕೃತಿಯೆಲ್ಲ ತಾನು ಪಡೆದದ್ದನ್ನು ಹೀಗೆಯೇ ದುಡಿದು ಹಿಂದಿರುಗಿಸುತ್ತಿದೆ ಎಂಬ ಅರ್ಥ ಅವನ ಮಾತುಗಳಲ್ಲಿದೆ. ೧೯೨೧ರಲ್ಲಿ ಈ ನಾಟಕವನ್ನು ಪರಿಷ್ಕರಿಸಿದಾಗ ರವೀಂದ್ರರು ಇಟ್ಟ ಹೆಸರು ‘ಋಣಶೋಧ’. ಋಣವನ್ನು ತೀರಿಸುವುದು ಎಂದು ಅದರ ಅರ್ಥ.

ಈ ಕಥೆಯನ್ನು ಆಡಿದವರು ಯಾರು ಎಂಬುದನ್ನು ನೆನೆದಾಗ ಅದರ ಶೈಕ್ಷಣಿಕ ಆಯಾಮ ತೆರೆದುಕೊಳ್ಳುತ್ತದೆ. ರಜೆಗೆ ಹೊರಡಲು ದಿನ ಎಣಿಸುತ್ತಿದ್ದ ಹುಡುಗರು ರಜೆಯ ದಿನದಲ್ಲಿ ಕೆಲಸ ಬಿಡದ ಹುಡುಗನ ಕಥೆಯನ್ನು ಆಡುತ್ತಿದ್ದರು. ತಾಲೀಮೆಂಬುದೇ ಅವರ ಪಾಲಿಗೆ ಉಪನಂದನ ನಕಲು ಕೆಲಸ. ಹೇಳಿದ್ದನ್ನೇ ಮತ್ತೆ ಹೇಳಬೇಕು. ಹಾಡಿದ್ದನ್ನೇ ಮತ್ತೆ ಹಾಡಬೇಕು. ಸಂಗೀತದ ಹೊಣೆ ಹೊತ್ತವರು ರವೀಂದ್ರರ ಸೋದರವಂಶದ ಮೊಮ್ಮಗ ದಿನೇಂದ್ರನಾಥರು. ತಾವು ಕಟ್ಟಿದ ಮಟ್ಟು ತಮಗೇ ಮರೆತುಹೋಗುವುದೆಂದು ಹಾಡು ಹುಟ್ಟಿದ ಕೂಡಲೇ ರವೀಂದ್ರರು ದಿನೇಂದ್ರನಾಥರನ್ನು ಕರೆದು ಕಲಿಸಿಬಿಡುತ್ತಿದ್ದರು. ಅವರಿಂದ ಅದು ಹುಡುಗರಿಗೆ ಇಳಿಯುತ್ತಿತ್ತು. ನಾಟಕವನ್ನು ಮೊದಲು ಆಶ್ರಮದವರ ಮುಂದೆ ಓದುವುದು, ತಾಲೀಮನ್ನು ಎಲ್ಲರ ಕಣ್ಣೆದುರು ನಡೆಸುವುದು ರೂಢಿಯಾಗಿತ್ತು. ಇದರ ಫಲವಾಗಿ ಪಾತ್ರ ಸಿಕ್ಕದ ಹುಡುಗರ ಬಾಯಲ್ಲೂ ಎಲ್ಲ ಹಾಡುಗಳು ನೆಲೆಸಿದವು. ರಂಗಸಜ್ಜಿಕೆಗೆ ಹಣವಿರಲಿಲ್ಲ, ಎಲೆ, ಹೂವು, ಕಾಶದ ಹುಲ್ಲು ಇವೇ ಸಾಮಗ್ರಿ. ಮುದ್ರಣವಾಗುವವರೆಗೆ ಮಾತ್ರವಲ್ಲ, ಪ್ರದರ್ಶನದ ಹಿಂದಿನ ದಿನದವರೆಗೂ ಮಾತು ತಿದ್ದುವುದು, ಹಾಡು ಸೇರಿಸುವುದು, ಇದ್ದ ಹಾಡನ್ನು ತೆಗೆದುಹಾಕುವುದು ರವೀಂದ್ರರ ಸ್ವಭಾವ. ಕಷ್ಟಪಟ್ಟು ಬಾಯಿಪಾಠ ಮಾಡಿದವರಿಗೆ ಇದು ದೊಡ್ಡ ಪೇಚು. ಆದರೂ ಕೃತಿಯೆಂಬುದು ಸಿದ್ಧವಾಗಿ ಬಂದು ಇಳಿಯುವ ವಸ್ತುವಲ್ಲ, ಎದುರಿಗಿರುವ ನಟನ ಗಂಟಲು, ನಡೆ, ಅಳತೆ ನೋಡಿ ಬದಲಾಗುವಂಥದ್ದು ಎಂಬುದನ್ನು ಆ ಮಕ್ಕಳು ಕಂಡರು. ಬೇರೆ ಶಾಲೆಗಳಲ್ಲಿ ಕವಿತೆಯನ್ನು ಕಂಠಪಾಠ ಮಾಡಿದ ಹುಡುಗರಿಗೆ ಈ ಅವಕಾಶವಿರಲಿಲ್ಲ.

ಗುರುಶಿಷ್ಯ ಸಂಬಂಧವೂ ಇಲ್ಲಿ ಬೇರೆಯಾಯಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ರಂಗದ ಮೇಲೆ ಪಾತ್ರ ಹಂಚಿಕೊಂಡರು. ನಂತರದ ಪ್ರದರ್ಶನಗಳಲ್ಲಿ ರವೀಂದ್ರರೇ ಸನ್ಯಾಸಿಯ ಪಾತ್ರ ವಹಿಸಿದರು. ತರಗತಿಯಲ್ಲಿ ತಪ್ಪು ತಿದ್ದುವ ಗುರು ರಂಗದಲ್ಲಿ ತನ್ನ ಮಾತಿಗಾಗಿ ಹುಡುಗನ ಮಾತು ಮುಗಿಯುವುದನ್ನು ಕಾಯಬೇಕು. ಹುಡುಗ ಮರೆತರೆ ಗುರುವೂ ನಿಲ್ಲುತ್ತಾನೆ. ಪರೀಕ್ಷೆಯಲ್ಲಿ ಒಬ್ಬನ ಸೋಲು ಒಬ್ಬನದೇ. ಗೀತನಾಟಕದಲ್ಲಿ ಒಂದು ಸ್ವರ ತಪ್ಪಿದರೆ ಮೇಳವೆಲ್ಲ ತಪ್ಪುತ್ತದೆ. ಹಿಂಜರಿಯುವ ಹುಡುಗನನ್ನು ಬಯ್ದು ಮುಂದಕ್ಕೆ ತಳ್ಳುವುದಕ್ಕಿಂತ ಅವನು ಸೇರಿಕೊಳ್ಳಬಹುದಾದ ಸಮೂಹಗಾನವೊಂದನ್ನು ಬರೆಯುವುದು ಅವರ ಮಾರ್ಗವಾಗಿತ್ತೆಂದು ಈ ಕಾಲದ ನಾಟಕಗಳ ರಚನೆಯೇ ಸೂಚಿಸುತ್ತದೆ. ‘ಶಾರದೋತ್ಸವ’ದ ಬಾಲಕರ ಗುಂಪಿಗೆ ಎಷ್ಟು ಮಂದಿಯನ್ನಾದರೂ ಸೇರಿಸಬಹುದು. ಈ ನಾಟಕದಲ್ಲಿ, ಅದೇ ಕಾಲದ ‘ಮುಕುಟ’ದಲ್ಲಿ, ಆಮೇಲಿನ ‘ಅಚಲಾಯತನ’ದಲ್ಲಿ ಸ್ತ್ರೀಪಾತ್ರಗಳೇ ಇಲ್ಲ. ವಿಮರ್ಶಕರು ಇದಕ್ಕೆ ತಾತ್ವಿಕ ಕಾರಣಗಳನ್ನು ಹುಡುಕಿದ್ದುಂಟು. ಶಾಲೆಯಲ್ಲಿ ಇದ್ದವರು ಹುಡುಗರು ಎಂಬ ಸರಳ ಕಾರಣವೇ ಸಾಕು.

‘ಅಚಲಾಯತನ’ (ರಚನೆ ೧೯೧೧) ಶಾಲೆಯನ್ನೇ ವಸ್ತುವಾಗಿಸಿಕೊಂಡ ನಾಟಕ. ಎತ್ತರದ ಗೋಡೆಗಳ ನಡುವೆ ಮಂತ್ರಗಳನ್ನು ಉರುಹಾಕುವ ಗುರುಕುಲ. ನೂರಾರು ವರ್ಷ ಮುಚ್ಚಿದ್ದ ಉತ್ತರದ ಕಿಟಕಿಯನ್ನು ತೆರೆದು ನೋಡಿದ ಸುಭದ್ರನೆಂಬ ಚಿಕ್ಕ ಹುಡುಗ. ಅವನಿಗೆ ವಿಧಿಸಬೇಕಾದ ಘೋರ ಪ್ರಾಯಶ್ಚಿತ್ತದ ಚರ್ಚೆ. ಉರುಹಾಕಲು ಬಾರದ, ಹಾಡುವುದೊಂದೇ ಬಲ್ಲ ಪಂಚಕ. ಕೊನೆಗೆ ಬರುವ ಗುರು ಗೋಡೆಗಳನ್ನೇ ಕೆಡವಿಸುತ್ತಾನೆ. ಪತ್ರಿಕೆಯಲ್ಲಿ ಪ್ರಕಟವಾದಾಗ ಸಂಪ್ರದಾಯಸ್ಥರು ಸಿಟ್ಟಾದರು. ಅದೇ ಸುಮಾರಿಗೆ ಪೂರ್ವಬಂಗಾಳ ಮತ್ತು ಅಸ್ಸಾಂ ಸರ್ಕಾರ ಸರ್ಕಾರಿ ನೌಕರರ ಮಕ್ಕಳು ಶಾಂತಿನಿಕೇತನದಲ್ಲಿ ಓದುವುದು ಯುಕ್ತವಲ್ಲವೆಂಬ ಸುತ್ತೋಲೆ ಹೊರಡಿಸಿತು. ಒಂದು ಕಡೆ ಧರ್ಮದ ಕಾವಲುಗಾರರು, ಇನ್ನೊಂದು ಕಡೆ ವಸಾಹತು ಆಡಳಿತ. ಇವೆರಡರ ನಡುವೆ ಇದ್ದ ಶಾಲೆಯೊಂದು ೧೯೧೪ರಲ್ಲಿ ಈ ನಾಟಕವನ್ನು ತನ್ನ ಅಂಗಳದಲ್ಲೇ ಆಡಿತು. ರವೀಂದ್ರರು ವಹಿಸಿದ ಪಾತ್ರ ಆಚಾರ್ಯನದು. ತಾನು ನಡೆಸುವ ಸಂಸ್ಥೆ ಮಕ್ಕಳಿಗೆ ಏನು ಮಾಡಿದೆಯೆಂದು ತಡವಾಗಿ ಅರಿತು ಕುಗ್ಗುವ ವೃದ್ಧನ ಪಾತ್ರ. ಬ್ರಹ್ಮಚರ್ಯಾಶ್ರಮದ ಮೊದಲ ವರ್ಷಗಳ ಬಿಗಿಯನ್ನು ಬಲ್ಲವರಿಗೆ ಈ ಪಾತ್ರ ಆಯ್ಕೆ ಆಕಸ್ಮಿಕವೆನಿಸಲಾರದು. ಸ್ಥಾಪಕನೇ ತನ್ನ ವಿದ್ಯಾರ್ಥಿಗಳ ಎದುರು ಶಾಲೆಯ ಅಪರಾಧವನ್ನು ಅಭಿನಯಿಸಿ ತೋರಿಸಿದ ಇಂಥ ನಿದರ್ಶನ ಶಿಕ್ಷಣದ ಇತಿಹಾಸದಲ್ಲಿ ವಿರಳ.

‘ಡಾಕ್‌ಘರ್’ (೧೯೧೨) ಮೂಲತಃ ಹಾಡುಗಳ ನಾಟಕವಲ್ಲ. ಆದರೂ ಅದನ್ನು ಇಲ್ಲಿ ಬಿಡಲಾಗದು. ೧೯೧೭ರಲ್ಲಿ ಜೋಡಾಸಾಂಕೊ ಮನೆಯ ವಿಚಿತ್ರಾ ಭವನದಲ್ಲಿ ಬಾಲನೊಬ್ಬ ರೋಗಿಷ್ಠ ಅಮಲನಾಗಿ, ಗಗನೇಂದ್ರನಾಥ ಅವನೀಂದ್ರನಾಥರಂಥ ಹಿರಿಯರ ನಡುವೆ ನಾಟಕದ ಭಾರವನ್ನೆಲ್ಲ ಹೊತ್ತ. ಕಲ್ಕತ್ತ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ ನಾಯಕರೂ ಅದನ್ನು ಕಂಡರು. ಕಾಲು ಶತಮಾನ ಕಳೆದ ಮೇಲೆ, ೧೯೪೨ರ ಜುಲೈ ೧೮ರಂದು, ವಾರ್ಸಾ ನಗರದ ಯಹೂದಿ ಘೆಟ್ಟೊದ ಅನಾಥಾಲಯದಲ್ಲಿ ಯಾನುಷ್ ಕೊರ್ಚಾಕ್ ತಮ್ಮ ಮಕ್ಕಳಿಂದ ಇದೇ ನಾಟಕವನ್ನು ಆಡಿಸಿದರು. ಕೆಲವೇ ವಾರಗಳಲ್ಲಿ ಆ ಮಕ್ಕಳನ್ನೂ ಕೊರ್ಚಾಕರನ್ನೂ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಶಾಲಾ ನಾಟಕದಿಂದ ಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಯುತ್ತದೆ ಎಂದು ಹೇಳುವ ಸಲೀಸು ಮಾತುಗಳಿಗೆ ಈ ಪ್ರಸಂಗ ಒಗ್ಗುವುದಿಲ್ಲ.

೧೯೧೫ರಲ್ಲಿ ಶಾಂತಿನಿಕೇತನದಲ್ಲಿ ಆಡಿದ ‘ಫಾಲ್ಗುಣಿ’ಯನ್ನು ೧೯೧೬ರ ಜನವರಿಯಲ್ಲಿ ಕಲ್ಕತ್ತಕ್ಕೆ ಕೊಂಡೊಯ್ದದ್ದು ಬಾಂಕುಡಾ ಜಿಲ್ಲೆಯ ಕ್ಷಾಮ ಪರಿಹಾರಕ್ಕಾಗಿ. ರವೀಂದ್ರರು ಆಗ ನೊಬೆಲ್ ಪ್ರಶಸ್ತಿ ಪಡೆದ ವಿಶ್ವವಿಖ್ಯಾತರು. ನಾಟಕದಲ್ಲಿ ಅವರೇ ಕವಿಶೇಖರ, ಅವರೇ ಕುರುಡ ಬಾವುಲ. ಮುದುಕನನ್ನು ಹಿಡಿಯಲು ಗುಹೆಯವರೆಗೆ ಹೋಗುವ ತರುಣರ ಹಾಡುಗಳು ಆಶ್ರಮದ ಹುಡುಗರ ಪಾಲಿನವು. ಈ ಪ್ರದರ್ಶನದಿಂದ ಶಾಲೆಯ ನಾಟಕಕ್ಕೆ ಎರಡು ಸಂಗತಿಗಳು ಹೊಸದಾಗಿ ಸೇರಿದವು: ಹಣ ಕೊಟ್ಟು ನೋಡುವ ನಗರದ ಪ್ರೇಕ್ಷಕರು ಮತ್ತು ಪ್ರದರ್ಶನದ ಹೊರಗಿನ ಒಂದು ಉದ್ದೇಶ. ತಾವು ಹಾಡಿದ್ದು ಎಲ್ಲೋ ಹಸಿದವರಿಗೆ ಅನ್ನವಾಗುತ್ತದೆ ಎಂಬ ಅರಿವು ಹದಿಹರೆಯದ ಹುಡುಗನಿಗೆ ತರಬಹುದಾದ ಘನತೆಯನ್ನು ಅಲ್ಲಗಳೆಯಲಾಗದು. ಹಣಕ್ಕಾಗಿ ಆಡುವ ದಾರಿಯೂ ಇಲ್ಲಿಯೇ ತೆರೆಯಿತು.

ಹೆಣ್ಣುಮಕ್ಕಳ ಪ್ರವೇಶ ಇಷ್ಟು ನೇರವಾಗಿ ಆಗಲಿಲ್ಲ. ೧೯೦೮ರ ಸುಮಾರಿಗೆ ತೆರೆದ ಬಾಲಿಕಾ ವಿಭಾಗ ಬೇಗನೆ ಮುಚ್ಚಿಹೋಯಿತು. ವಿಶ್ವಭಾರತಿ ರೂಪುಗೊಂಡ ಮೇಲೆ (೧೯೨೧) ಹೆಣ್ಣುಮಕ್ಕಳ ಸಂಖ್ಯೆ ಬೆಳೆಯಿತು. ೧೯೧೯ರ ನವೆಂಬರಿನಲ್ಲಿ ಸಿಲ್ಹೆಟ್ಟಿನ ಬಳಿ ಮಣಿಪುರಿ ರಾಸನೃತ್ಯವನ್ನು ಕಂಡು ಮೆಚ್ಚಿದ ರವೀಂದ್ರರು ತ್ರಿಪುರಾದ ಮಹಾರಾಜರ ನೆರವಿನಿಂದ ಬುದ್ಧಿಮಂತ ಸಿಂಹ ಎಂಬ ಮಣಿಪುರಿ ಗುರುವನ್ನು ಕರೆತಂದರು. ಮೊದಲು ಕಲಿತವರು ಹುಡುಗರು. ಅದನ್ನು ಕರೆದದ್ದೂ ವ್ಯಾಯಾಮವೆಂದೇ. ನೃತ್ಯವೆಂಬ ಮಾತಿಗೆ ಅಂದಿನ ಬಂಗಾಳದ ಭದ್ರ ಸಮಾಜ ಬೆಚ್ಚುತ್ತಿತ್ತು. ಹಲವು ವರ್ಷಗಳ ಮೇಲೆ ನವಕುಮಾರ ಸಿಂಹರು ಬಂದು ಹೆಣ್ಣುಮಕ್ಕಳಿಗೆ ಕಲಿಸಿದರು.

೧೯೨೬ರ ಮೇ ತಿಂಗಳಲ್ಲಿ, ಕವಿಯ ಅರುವತ್ತೈದನೆಯ ಹುಟ್ಟುಹಬ್ಬದಂದು ಶಾಂತಿನಿಕೇತನದಲ್ಲಿ ನಡೆದ ‘ನಟೀರ್ ಪೂಜಾ’ ಈ ಇಡೀ ಕಥನದ ತಿರುವು. ಹೆಣ್ಣುಮಕ್ಕಳೇ ಆಡಬಹುದಾದ ನಾಟಕವೊಂದು ಬೇಕೆಂದು ಸೊಸೆ ಪ್ರತಿಮಾ ದೇವಿಯವರು ಕೇಳಿಕೊಂಡದ್ದರಿಂದ ಇದು ಹುಟ್ಟಿತು. ಅದರಲ್ಲಿ ಮೊದಲಿಗೆ ಪುರುಷಪಾತ್ರವೇ ಇರಲಿಲ್ಲ. ಅವದಾನ ಕಥೆಯೊಂದರ ವಸ್ತು. ಅಜಾತಶತ್ರುವಿನ ಆಳ್ವಿಕೆಯಲ್ಲಿ ಬುದ್ಧಪೂಜೆ ನಿಷಿದ್ಧ. ಸ್ತೂಪವನ್ನು ಅವಮಾನಿಸಲೆಂದು ಅದರ ಮುಂದೆ ಕುಣಿಯುವಂತೆ ಆಸ್ಥಾನನರ್ತಕಿ ಶ್ರೀಮತಿಗೆ ರಾಜಾಜ್ಞೆಯಾಗುತ್ತದೆ. ಅವಳು ಒಂದೊಂದೇ ಆಭರಣವನ್ನು ಕಳಚುತ್ತ ಆ ಕುಣಿತವನ್ನೇ ಪೂಜೆಯಾಗಿಸುತ್ತಾಳೆ. ಅದಕ್ಕಾಗಿ ಪ್ರಾಣ ಕೊಡುತ್ತಾಳೆ. ಶ್ರೀಮತಿಯಾದವರು ಕಲಾವಿದ ನಂದಲಾಲ ಬಸುರವರ ಮಗಳು ಗೌರಿ.

ಪಾತ್ರ ಮತ್ತು ಪಾತ್ರಧಾರಿಯ ಸ್ಥಿತಿ ಒಂದರ ಮೇಲೊಂದು ಬಿದ್ದ ಅಪೂರ್ವ ಪ್ರಸಂಗವಿದು. ಲೋಕವು ಹೀನವೆಂದು ಬಗೆದ ನೃತ್ಯವನ್ನು ಶ್ರೀಮತಿ ಪೂಜೆಯ ಎತ್ತರಕ್ಕೆ ಒಯ್ಯುತ್ತಾಳೆ. ಅದೇ ಲೋಕ ಹೀನವೆಂದು ಬಗೆದ ಕೆಲಸವನ್ನು ಗೃಹಸ್ಥರ ಮನೆಯ ವಿದ್ಯಾರ್ಥಿನಿಯೊಬ್ಬರು ಮಾಡುತ್ತಿದ್ದರು. ೧೯೨೭ರ ಜನವರಿಯಲ್ಲಿ ನಾಟಕ ಕಲ್ಕತ್ತಕ್ಕೆ ಹೊರಟಾಗ ಟೀಕೆಯ ಭಯ ನಿಜವಾಗಿತ್ತು. ಆಗ ರವೀಂದ್ರರು ಉಪಾಲಿ ಎಂಬ ಭಿಕ್ಷುವಿನ ಪಾತ್ರವೊಂದನ್ನು ಹೊಸದಾಗಿ ಸೇರಿಸಿ ತಾವೇ ರಂಗವೇರಿದರು. ನಾಟಕದ ಬಂಧಕ್ಕೆ ಆ ಪಾತ್ರ ಅನಿವಾರ್ಯವಲ್ಲ. ಹೆಣ್ಣುಮಕ್ಕಳ ಮೇಲೆ ಬರಬಹುದಾದ ಕಲ್ಲು ಮೊದಲು ತಮ್ಮ ಮೇಲೆ ಬೀಳಲಿ ಎಂಬುದು ಅದರ ಉದ್ದೇಶ. ಮಕ್ಕಳನ್ನು ಸವಾಲಿಗೆ ಒಡ್ಡುವುದು, ಒಡ್ಡಿದ ಮೇಲೆ ಪಕ್ಕದಲ್ಲಿ ನಿಲ್ಲುವುದು ಇವೆರಡೂ ಇಲ್ಲಿ ಒಂದೇ ಕ್ರಿಯೆಯಾಗಿವೆ. ‘ಶಾರದೋತ್ಸವ’ದ ಸನ್ಯಾಸಿ ಉಪನಂದನ ಪಕ್ಕದಲ್ಲಿ ಕುಳಿತು ಬರೆದದ್ದಕ್ಕೂ ಇದಕ್ಕೂ ಇರುವ ಸಂಬಂಧವನ್ನು ಗುರುತಿಸದೆ ಇರಲಾಗದು. ಪತ್ರಿಕೆಗಳಲ್ಲಿ ಆಕ್ಷೇಪಗಳು ಬಂದರೂ ಗೌರಿಯವರ ನೃತ್ಯ ನೋಡಿದವರ ಮನಸ್ಸಿನಲ್ಲಿ ನಿಂತಿತು. ಮುಂದೆ ಅವರು ಅದೇ ಶಾಂತಿನಿಕೇತನದ ಕಲಾಭವನದಲ್ಲಿ ಅಧ್ಯಾಪಕಿಯಾದರು.

ಇದಾದ ಮೇಲಿನ ಹತ್ತು ವರ್ಷ ನೃತ್ಯನಾಟಕಗಳ ಕಾಲ. ೧೯೨೭ರ ಜಾವಾ ಮತ್ತು ಬಾಲಿ ಪ್ರವಾಸ, ಕೇರಳಕ್ಕೂ ಸಿಂಹಳಕ್ಕೂ ಹೋಗಿ ಕಥಕಳಿ ಮತ್ತು ಕ್ಯಾಂಡಿಯನ್ ನೃತ್ಯಗಳನ್ನು ಕಲಿತು ಬಂದ ಶಾಂತಿದೇವ ಘೋಷರು, ಪ್ರತಿಮಾ ದೇವಿಯವರ ಸಂಯೋಜನೆ, ನಂದಲಾಲರೂ ಸುರೇಂದ್ರನಾಥ ಕರರೂ ರೂಪಿಸಿದ ರಂಗಸಜ್ಜಿಕೆ ಮತ್ತು ಉಡುಪು ಎಲ್ಲ ಕೂಡಿ ‘ಶಾಪಮೋಚನ’ (೧೯೩೧), ‘ತಾಸೇರ್ ದೇಶ್’ (೧೯೩೩), ‘ಚಿತ್ರಾಂಗದಾ’ (೧೯೩೬), ‘ಚಂಡಾಲಿಕಾ’ (೧೯೩೮), ‘ಶ್ಯಾಮಾ’ (೧೯೩೯) ರೂಪುಗೊಂಡವು. ದಕ್ಷಿಣದಿಂದ ಓದಲು ಬಂದ ಸಾವಿತ್ರಿ ಎಂಬ ವಿದ್ಯಾರ್ಥಿನಿಯ ಬಾಯಿಂದ ಕೇಳಿದ ಕರ್ನಾಟಕ ಸಂಗೀತ ಕೃತಿಗಳ ಜಾಡಿನಲ್ಲಿ ಕವಿ ಹೊಸ ಹಾಡುಗಳನ್ನು ಕಟ್ಟಿದರು. ಶಿಷ್ಯೆ ಕಲಿಸಿದಳು, ಗುರು ಕಲಿತರು. ಶುದ್ಧ ಶಾಸ್ತ್ರೀಯರಿಗೆ ಈ ಬೆರಕೆ ರುಚಿಸಲಿಲ್ಲ. ಕಲಾದೃಷ್ಟಿಯಿಂದ ಇವು ರವೀಂದ್ರರ ರಂಗಭೂಮಿಯ ಶಿಖರವೆಂಬುದನ್ನು ಒಪ್ಪಬೇಕು.

ಶಿಕ್ಷಣದ ದೃಷ್ಟಿಯಿಂದ ಅದೇ ಮಾತನ್ನು ಹೇಳಲು ಬರುವುದಿಲ್ಲ. ವಿಶ್ವಭಾರತಿ ಸದಾ ಸಾಲದಲ್ಲಿತ್ತು. ‘ಶಾಪಮೋಚನ’ದ ತಂಡ ೧೯೩೪ರ ಮೇ ತಿಂಗಳಲ್ಲಿ ಸಿಂಹಳಕ್ಕೂ ಅದೇ ವರ್ಷದ ಕೊನೆಯ ಭಾಗದಲ್ಲಿ ಮದ್ರಾಸಿಗೂ ಹೋಯಿತು. ೧೯೩೬ರ ಮಾರ್ಚಿನಲ್ಲಿ ‘ಚಿತ್ರಾಂಗದಾ’ ಕಲ್ಕತ್ತದ ನ್ಯೂ ಎಂಪೈರ್ ರಂಗಮಂದಿರದಲ್ಲಿ ಪ್ರದರ್ಶನಗೊಂಡು ಅಲ್ಲಿಂದ ಪಾಟ್ನಾ, ಅಲಹಾಬಾದ್, ಲಾಹೋರ್, ದೆಹಲಿ, ಮೀರತ್‌ಗಳತ್ತ ಹೊರಟಿತು. ಬಾಡಿಗೆಯ ರಂಗಮಂದಿರ, ಟಿಕೆಟ್ಟು, ಊರೂರಿನ ಪ್ರಯಾಣ. ಹೀಗೆ ಹೊರಟ ತಂಡದಲ್ಲಿ ಹಿಂಜರಿಯುವ ಹುಡುಗನಿಗಾಗಿ ಸಮೂಹಗಾನ ಬರೆಯುವ ಬಿಡುವಿರಲಿಲ್ಲ. ಮುಖ್ಯ ಪಾತ್ರಗಳು ನುರಿತ ಕೆಲವರಲ್ಲಿ ನೆಲೆಗೊಂಡವು. ಉಳಿದ ಆಶ್ರಮ ಪ್ರೇಕ್ಷಕವಾಯಿತು. ಸವಾಲು ದೊಡ್ಡದಾಯಿತು, ಅದನ್ನು ಎದುರಿಸುವವರ ಸಂಖ್ಯೆ ಕಿರಿದಾಯಿತು. ೧೯೧೬ರಲ್ಲಿ ಕ್ಷಾಮಪೀಡಿತರಿಗಾಗಿ ಹಾಡಿದ ಮಕ್ಕಳ ಜಾಗದಲ್ಲಿ ತಮ್ಮ ಸಂಸ್ಥೆಯ ಬೊಕ್ಕಸಕ್ಕಾಗಿ ಕುಣಿಯುವ ವಿದ್ಯಾರ್ಥಿಗಳು ಬಂದರು. ಈ ಪ್ರವಾಸಗಳಿಂದ ತರುಣ ತರುಣಿಯರು ಏನನ್ನೂ ಪಡೆಯಲಿಲ್ಲವೆಂದಲ್ಲ. ದೇಶ ಕಂಡರು, ಭಾರತದ ಹಲವು ನಗರಗಳಲ್ಲಿ ನೃತ್ಯಕ್ಕೆ ಗೌರವ ದೊರಕಿಸಿದರು. ಆದರೂ ಕಲಿಯುವವರು ಸಂಸ್ಥೆಯನ್ನು ಸಾಕುವ ಸ್ಥಿತಿ ಮೊದಲಿನ ಆಶಯಕ್ಕೆ ದೂರವಾದದ್ದು.

ಎಪ್ಪತ್ತೈದರ ಅಂಚಿನಲ್ಲಿದ್ದ ಕವಿ ತಂಡದ ಜೊತೆ ರೈಲಿನಲ್ಲಿ ಅಲೆಯುತ್ತ, ಪ್ರತಿ ಪ್ರದರ್ಶನದಲ್ಲೂ ರಂಗದ ಒಂದು ಬದಿಯಲ್ಲಿ ಕುಳಿತಿರುತ್ತಿದ್ದರು. ದೆಹಲಿಯಲ್ಲಿ ಇದನ್ನು ಅರಿತ ಗಾಂಧೀಜಿ ಹೆಸರು ಹೇಳಲಿಚ್ಛಿಸದ ದಾನಿಯೊಬ್ಬರಿಂದ ೬೦,೦೦೦ ರೂಪಾಯಿ ಕೊಡಿಸಿ, ಇನ್ನು ಈ ಸುತ್ತಾಟ ಸಾಕೆಂದು ಕೇಳಿಕೊಂಡರು. ಸಾಲದ ಭಾರ ಇಳಿಯಿತು. ಮುಂದಿನ ಪ್ರದರ್ಶನಗಳನ್ನು ಬಹುಮಟ್ಟಿಗೆ ಕೈಬಿಡಲಾಯಿತು. ಈ ಪ್ರಸಂಗವನ್ನು ಗಾಂಧೀಜಿಯ ಔದಾರ್ಯದ ಕಥೆಯಾಗಿ ಹೇಳುವುದು ವಾಡಿಕೆ. ಋಣ ತೀರಿಸಲು ದುಡಿಯುವುದೇ ಸಂತೋಷವೆಂದು ಹುಡುಗರಿಗೆ ನಾಟಕ ಬರೆದುಕೊಟ್ಟವರ ಋಣವನ್ನು ಬೇರೊಬ್ಬರು ತೀರಿಸಿದರು ಎಂಬ ವಿಪರ್ಯಾಸವೂ ಅದರಲ್ಲಿದೆ.

‘ಚಂಡಾಲಿಕಾ’ ಮತ್ತು ‘ಶ್ಯಾಮಾ’ಗಳಲ್ಲಿ ಮಾತು ಪೂರ್ಣವಾಗಿ ಹಾಡಾಯಿತು. ‘ವಾಲ್ಮೀಕಿ ಪ್ರತಿಭಾ’ದ ಇಪ್ಪತ್ತರ ಹರೆಯದಲ್ಲಿ ಹಿಡಿದ ಜಾಡಿಗೆ ಕವಿ ಎಪ್ಪತ್ತೇಳರಲ್ಲಿ ಮರಳಿದರು. ಬುದ್ಧಶಿಷ್ಯ ಆನಂದ ನೀರು ಬೇಡಿದಾಗ ತಾನೂ ಮನುಷ್ಯಳೆಂದು ಮೊದಲ ಬಾರಿಗೆ ಅರಿಯುವ ಅಸ್ಪೃಶ್ಯ ಹುಡುಗಿ ಪ್ರಕೃತಿಯ ಪಾತ್ರವನ್ನು ಮೇಲುಜಾತಿಯ ವಿದ್ಯಾರ್ಥಿನಿಯರು ಮೈಗೂಡಿಸಿಕೊಳ್ಳಬೇಕಾಗಿತ್ತು. ಅಭಿನಯದ ಈ ಅಭ್ಯಾಸ ರಂಗದಾಚೆಗೆ ಎಷ್ಟು ದೂರ ನಡೆಯಿತು ಎಂಬುದು ಬೇರೆಯೇ ಅಧ್ಯಯನದ ವಿಷಯ. ೧೯೪೧ರ ಆಗಸ್ಟ್ ೭ರಂದು, ಅರುವತ್ತು ವರ್ಷಗಳ ಹಿಂದೆ ವಾಲ್ಮೀಕಿಯಾಗಿ ಹಾಡಿದ ಜೋಡಾಸಾಂಕೊ ಮನೆಯಲ್ಲೇ, ರವೀಂದ್ರರು ತೀರಿಕೊಂಡರು.

ಆನಂತರ ಹಾಡುಗಳಿಗೆ ಸ್ವರಲಿಪಿಯ ಪ್ರಮಾಣ ಬಂದಿತು. ತಾಲೀಮಿನ ಕೊನೆಯ ದಿನದವರೆಗೂ ಬದಲಾಗುತ್ತಿದ್ದ ರಚನೆಗಳು ಅಚ್ಚಿನ ಪಾಠಕ್ಕೆ ಬದ್ಧವಾದವು. ೨೦೦೧ರ ಕೊನೆಯಲ್ಲಿ ಗ್ರಂಥಸ್ವಾಮ್ಯ ಮುಗಿಯುವವರೆಗೆ ವಿಶ್ವಭಾರತಿಯ ಸಂಗೀತ ಸಮಿತಿ ಧ್ವನಿಮುದ್ರಣಗಳ ಮೇಲೆ ಹಿಡಿತವಿಟ್ಟುಕೊಂಡಿತ್ತು. ಹೀಗೆ ಬಿಗಿಯಾದ ಪರಂಪರೆಯ ಹೊರಗೆ, ದೂರದ ಭಾಷೆಗಳಲ್ಲಿ, ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ಹೆಚ್ಚು ಉಳಿಯಿತೆಂದು ತೋರುತ್ತದೆ. ಕನ್ನಡದಲ್ಲಿ ಶಿವರಾಮ ಕಾರಂತರು ೧೯೩೦ರ ದಶಕದಲ್ಲಿ ಪುತ್ತೂರಿನಲ್ಲಿ ಮಕ್ಕಳನ್ನು ಕಲೆಹಾಕಿ ಗೀತನಾಟಕಗಳ ಪ್ರಯೋಗ ನಡೆಸಿದ್ದು ಇದೇ ಯುಗದ ಇನ್ನೊಂದು ಸ್ವತಂತ್ರ ಪ್ರಯತ್ನ. ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿಯ ತಾಲೀಮಿನಲ್ಲಿ ಬೆಳೆದ ಬಿ.ವಿ. ಕಾರಂತರು ೧೯೭೦ರ ದಶಕದ ಆರಂಭದಲ್ಲಿ ರವೀಂದ್ರರ ‘ತೋತಾಕಾಹಿನಿ’ಯನ್ನು ಆಧರಿಸಿ ‘ಪಂಜರಶಾಲೆ’ ಎಂಬ ಮಕ್ಕಳ ನಾಟಕ ಕಟ್ಟಿದರು. ಗಿಳಿಗೆ ವಿದ್ಯೆ ಕಲಿಸಲೆಂದು ಅದರ ಗಂಟಲಿಗೆ ಪುಸ್ತಕದ ಹಾಳೆಗಳನ್ನೇ ತುರುಕುವ ಪಂಡಿತರ ಕಥೆಯನ್ನು ಕನ್ನಡದ ಶಾಲಾಮಕ್ಕಳು ಕಾರಂತರ ಮಟ್ಟುಗಳಲ್ಲಿ ಹಾಡಿ ಆಡಿದರು. ಮೂಲ ಕಥೆಯಲ್ಲಿ ಒಂದೇ ಒಂದು ಹಾಡೂ ಇಲ್ಲ.